ನಂದಿಗಿರಿಯ ಏರುದಾರಿ

ಬೆಂಗಳೂರಿಗೆ ಉತ್ತರದಲ್ಲಿ ಸುಮಾರು ೬೦ ಕಿಲೋಮೀಟರು ದೂರದಲ್ಲಿರುವ ನಂದಿಬೆಟ್ಟವನ್ನು ಅರಿಯದವರಾರು? ಸಮುದ್ರಮಟ್ಟಕ್ಕಿಂತ ೧,೪೭೮ ಮೀಟರು ಎತ್ತರವಾದ ಈ ಗಿರಿಯ ತಪ್ಪಲಿನಲ್ಲಿ ಭೋಗನಂದೀಶ್ವರನೂ ಶಿಖರದಲ್ಲಿ ಯೋಗನಂದೀಶ್ವರನೂ ನೆಲಸಿದ್ದಾರೆ. ೧೯೨೭ರಲ್ಲಿ ಗಾಂಧೀಜಿಯವರು ಅಸ್ವಸ್ಥರಾಗಿದ್ದಾಗ ವಿಶ್ರಾಂತಿಗೆಂದು ಇಲ್ಲಿ ತಂಗಿದ್ದರು. ಈಗ ಈ ಬೆಟ್ಟಕ್ಕೆ ಬೇರೊಂದು ಬಗೆಯ ಯಾತ್ರಿಕರೂ ಉಂಟು. ಭಾನುವಾರ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟ ತರುಣ ತರುಣಿಯರು ತಂಡತಂಡವಾಗಿ ಸೈಕಲ್ಲಿನಲ್ಲಿ ಬಂದು, ತಿರುವುಗಳಿಂದ ತುಂಬಿದ ಏರುದಾರಿಯನ್ನು ಹತ್ತುತ್ತಾರೆ.

ನಾವು ಮೇಲಣ ಒಂದು ತಿರುವಿನಲ್ಲಿ ನಿಂತು ಈ ಸಾಹಸವನ್ನು ನೋಡಿದೆವು. ತಪ್ಪಲಿನಿಂದ ಎಲ್ಲರಿಗೂ ಮುಂದಾಗಿ ಧಾವಿಸಿ ಬಂದ ತರುಣನೊಬ್ಬನು ಅಲ್ಲಿ ಇಳಿದು ಏದುಸಿರು ಬಿಡುತ್ತಿದ್ದನು. ನಿತ್ಯವೂ ಶಕ್ತಿಯಿದ್ದಷ್ಟೂ ತುಳಿಯುತ್ತಿದ್ದರೂ ಆರು ತಿಂಗಳಿಂದ ವೇಗವು ಎಳ್ಳಷ್ಟೂ ಹೆಚ್ಚಲಿಲ್ಲವೆಂದೂ, ರಾತ್ರಿ ನಿದ್ರೆಯೂ ಸರಿಯಾಗಿ ಬಾರದೆಂದೂ ಹೇಳಿಕೊಂಡನು. ಅಷ್ಟರಲ್ಲಿ ನಡುವಯಸ್ಸಿನ ಇಬ್ಬರು ಮಾತನಾಡುತ್ತಲೇ ಬಂದು ಅವನನ್ನು ದಾಟಿ ಹೋದರು.

ಇದರ ಮರ್ಮವನ್ನು ಶರೀರಶಾಸ್ತ್ರವು ವಿವರಿಸುತ್ತದೆ. ಮಾತಿಗೆ ತಡೆಯಾಗದಷ್ಟು ಸೌಮ್ಯವಾಗಿ ಗಂಟೆಗಟ್ಟಲೆ ತುಳಿಯುವ ಅಭ್ಯಾಸದಿಂದ ತೊಡೆಯ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಪ್ರಾಣವಾಯುವಿನ ನೆರವಿನಿಂದ ಆಹಾರವನ್ನು ಉರಿಸಿ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳೆಂಬ ಒಲೆಗಳು ವೃದ್ಧಿಹೊಂದುತ್ತವೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕುತ್ತದೆ. ಆಗ ದೇಹವು ಕೊಬ್ಬನ್ನು ಹೆಚ್ಚಾಗಿ ಉರಿಸಿ, ಮಿತವಾದ ಸಕ್ಕರೆಯ ಸಂಗ್ರಹವನ್ನು ಕಡಿದಾದ ಏರಿಗಾಗಿ ಉಳಿಸಿಕೊಳ್ಳುತ್ತದೆ. ಅತಿವೇಗದಲ್ಲಿಯಾದರೋ ಆ ಸಂಗ್ರಹವೇ ಬೇಗನೆ ಕರಗುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ, ಕಾಲು ಸೋಲುತ್ತದೆ.

ಹಾಗೆಂದು ತೀವ್ರಾಭ್ಯಾಸವು ವರ್ಜ್ಯವೆಂದು ತಿಳಿಯಬಾರದು. ದೇಹವು ಬಳಸಬಲ್ಲ ಪ್ರಾಣವಾಯುವಿನ ಪರಮಾವಧಿಯನ್ನು ಏರಿಸಲು ಅದು ಬೇಕೇ ಬೇಕು. ಆದರೆ ಅದರ ಬಳಲಿಕೆ ಕಳೆಯದೆ ಮತ್ತೆ ಬಳಲಿದರೆ ಫಲವು ಕೈಗೂಡದು. ನಾರ್ವೆಯಲ್ಲಿ ನೆಲಸಿದ ಅಮೆರಿಕದ ಶರೀರಶಾಸ್ತ್ರಜ್ಞ ಸ್ಟೀಫನ್ ಸೈಲರ್ ಅವರು ಉತ್ತಮೋತ್ತಮ ಕ್ರೀಡಾಪಟುಗಳ ದಿನಚರಿಯನ್ನು ಪರಿಶೀಲಿಸಿ, ಅವರ ಅಭ್ಯಾಸಗಳಲ್ಲಿ ನೂರಕ್ಕೆ ಸುಮಾರು ೮೦ ಸೌಮ್ಯವಾದವು, ಉಳಿದ ೨೦ ಮಾತ್ರ ತೀವ್ರವಾದವು ಎಂದು ಕಂಡರು.

ಸುಶ್ರುತಸಂಹಿತೆಯು ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬರುವುದನ್ನೇ ಅರ್ಧಬಲದ ಗುರುತಾಗಿ ಹೇಳುತ್ತದೆ. ಅದು ಆರೋಗ್ಯಕ್ಕಾಗಿ ಹೇಳಿದ ಮಾತು, ಪಂದ್ಯಕ್ಕಾಗಿ ಅಲ್ಲ. ಆದರೂ ಮಾತು ತಡೆಯುವ ಮುನ್ನ ವೇಗ ತಗ್ಗಿಸೆನ್ನುವ ಇಂದಿನ ಶಿಕ್ಷಕರ ಸೂಚನೆ ಅದಕ್ಕೆ ದೂರವಾದುದಲ್ಲ.

ಮನೆಯ ಮಕ್ಕಳಿಗೆ ಸೈಕಲ್ಲಿನ ಹುಚ್ಚು ಹಿಡಿದಿದ್ದರೆ ಹಿರಿಯರು ಗದರಿಸಬೇಕಾಗಿಲ್ಲ. ಐದು ದಿನ ತುಳಿಯುವವನು ನಾಲ್ಕು ದಿನ ಸಾವಧಾನವಾಗಿಯೂ ಒಂದು ದಿನ ಬಿರುಸಾಗಿಯೂ ತುಳಿಯಲಿ. ಹೊಟ್ಟೆತುಂಬ ಉಣ್ಣಲಿ, ಕಣ್ತುಂಬ ನಿದ್ರಿಸಲಿ. ಬೆಟ್ಟವೆಲ್ಲಿಗೂ ಓಡಿಹೋಗುವುದಿಲ್ಲ.