ಹಿಟ್ಟು ಬೇಕರಿಯದು, ಸುರುಳಿ ನಮ್ಮದು

ಸಿನಮನ್ ರೋಲ್ ತಿನ್ನೋ ಆಸೆ ಇದೆ, ಆದ್ರೆ ಯೀಸ್ಟ್ ಅಳೆದು, ಹಿಟ್ಟು ನಾದಿ, ಎರಡು ಗಂಟೆ ಕಾಯೋ ತಾಳ್ಮೆ ಇಲ್ಲ ಅನ್ನೋರಿಗೆ ಒಂದು ಸುಲಭದ ದಾರಿ ಇದೆ. ನಿಮ್ಮ ಓಣಿಯ ಬೇಕರಿಗೆ ಹೋಗಿ, "ಬನ್ ಮಾಡೋ ಹಿಟ್ಟು ಅರ್ಧ ಕೆಜಿ ಕೊಡ್ತೀರಾ?" ಅಂತ ಕೇಳಿ. ಹೊರದೇಶದ ವಿಡಿಯೊಗಳಲ್ಲಿ ತೋರಿಸೋ ಡಬ್ಬಿ ಹಿಟ್ಟು ನಮ್ಮ ರಾಣೆಬೆನ್ನೂರಿನ ಅಂಗಡಿಗಳಲ್ಲಿ ನಾನಂತೂ ನೋಡಿಲ್ಲ. ಅದರ ಕೆಲಸವನ್ನ ಈ ಬನ್ ಹಿಟ್ಟು ಚೆನ್ನಾಗಿಯೇ ಮಾಡುತ್ತೆ. ಮೈದಾ, ಸಕ್ಕರೆ, ಯೀಸ್ಟ್, ಉಪ್ಪು, ಸ್ವಲ್ಪ ಜಿಡ್ಡು. ಸಿನಮನ್ ರೋಲಿಗೆ ಬೇಕಾಗಿರೋದೂ ಅದೇ.

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಿಂಗಳಲ್ಲಿ ಎರಡು ವಾರ ಊರಿನಿಂದಲೇ ಕೆಲಸ ಮಾಡ್ತೀನಿ. ಮೊದಲ ಸಲ ಹಿಟ್ಟು ಕೇಳಿದಾಗ ಬೇಕರಿಯವರು "ಹಿಟ್ಟಾ? ಬನ್ ಅಲ್ಲಾ?" ಅಂತ ಎರಡು ಸಲ ಕೇಳಿದ್ರು. ಆಮೇಲೆ ನಗುತ್ತಾ ತೂಕ ಮಾಡಿ ಕೊಟ್ಟರು. ನಗದೇ ಇದ್ದವರು ಅವ್ವ ಒಬ್ಬರೇ.

"ರೊಟ್ಟಿ ಬಡಿಯೋ ಮನ್ಯಾಗ ನಾದಿದ ಹಿಟ್ಟು ಕೊಂಡು ತರ್ತಾರೇನೋ?"

ಆ ಮಾತಿನ ಹಿಂದೆ ಏನಿತ್ತು ಅಂತ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯೋ ಸದ್ದು ನಿಂತು ಮೂರು ವರ್ಷವಾಗಿತ್ತು. ಅವ್ವನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಕನ್ನಡದಲ್ಲಿ ಸಂಧಿವಾತ ಅಂತಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಗ್ಗೆ ಎದ್ದಾಗ ಬೆರಳುಗಳು ಕಟ್ಟಿಗೆಯಾಗಿರ್ತಾವೆ, ಮುಷ್ಟಿ ಕಟ್ಟೋಕೆ ಒಂದು ಗಂಟೆ ಬೇಕು. ಔಷಧಿಯಿಂದ ಹತೋಟಿಯಲ್ಲಿರುತ್ತೆ, ಪೂರ್ತಿ ಹೋಗಲ್ಲ. ನಾದೋದು, ಬಡಿಯೋದು, ಹಿಂಡೋದು ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಈಗ ರೊಟ್ಟಿ ಹಿಂದಿನ ಓಣಿಯಲ್ಲಿ ಮಾಡಿ ಮಾರೋ ಅಕ್ಕೋರ ಮನೆಯಿಂದ ಬರುತ್ತೆ. ಒಳ್ಳೆ ರೊಟ್ಟಿಯೇ. ಆದ್ರೆ ಆ ರೊಟ್ಟಿ ಬರೋಕೆ ಶುರುವಾದ ಮೇಲೆ ಅವ್ವ ಅಡುಗೆಮನೆಗೆ ಬರೋದು ಕಡಿಮೆಯಾಯ್ತು. ಯಾರಾದ್ರೂ ಊಟಕ್ಕೆ ಬಂದ್ರೆ "ಇದು ನಾ ಮಾಡಿದ್ದಲ್ಲರಿ" ಅಂತ ಮೊದಲೇ ಹೇಳಿಬಿಡ್ತಿದ್ರು. ಹೋಟೆಲಿನಲ್ಲಿ ಬಡಿಸೋರ ಹಾಗೆ.

ಹಾಗಾಗಿ ಆ ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದು ಅವ್ವನ ಮುಂದಿಟ್ಟು, "ಇದನ್ನ ನಾದೋದು ಏನೂ ಇಲ್ಲ. ಲಟ್ಟಿಸಿ, ಸುತ್ತೋದಷ್ಟೇ" ಅಂದೆ. ಲಟ್ಟಣಿಗೆಯ ಎರಡೂ ಹಿಡಿಗೆ ಹಳೇ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟೆ. ಹಿಡಿ ದಪ್ಪವಿದ್ದಷ್ಟೂ ಬೆರಳಿನ ಕೀಲಿಗೆ ಭಾರ ಕಡಿಮೆ ಬೀಳುತ್ತೆ. ಅವ್ವ ಹಿಟ್ಟನ್ನ ಒಂದು ಬೆರಳಿನಿಂದ ಒತ್ತಿ ನೋಡಿದ್ರು. "ಮೆತ್ತಗ ಐತಿ" ಅಂದ್ರು. ಆಮೇಲೆ ಮಣೆ ಎಳೆದುಕೊಂಡ್ರು.

ಈಗ ಮಾಡೋ ವಿಧಾನ ಹೇಳ್ತೀನಿ. ಅರ್ಧ ಕೆಜಿ ಹಿಟ್ಟಿಗೆ ಒಂಬತ್ತು ಹತ್ತು ರೋಲ್ ಆಗ್ತಾವೆ. ಮಣೆಗೆ ಸ್ವಲ್ಪ ಮೈದಾ ಉದುರಿಸಿ, ಹಿಟ್ಟನ್ನ ಸುಮಾರು ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲಕ್ಕೆ ಚೌಕವಾಗಿ ಲಟ್ಟಿಸಿ. ರಬ್ಬರ್ ಥರ ಹಿಂದಕ್ಕೆ ಎಳೀತಿದ್ರೆ ಒದ್ದಾಡಬೇಡಿ. ಹತ್ತು ನಿಮಿಷ ಬಟ್ಟೆ ಮುಚ್ಚಿಡಿ, ಮೈದಾದ ಅಂಟು ಸಡಿಲಾಗಿ ಆಮೇಲೆ ಹೇಳಿದ ಮಾತು ಕೇಳುತ್ತೆ. ಮೇಲೆ 50 ಗ್ರಾಂ ಮೆತ್ತನೆ ಬೆಣ್ಣೆ ಸವರಿ. 80 ಗ್ರಾಂ ಬೆಲ್ಲದ ಪುಡಿ, ಎರಡು ಚಮಚ ದಾಲ್ಚಿನ್ನಿ ಪುಡಿ, ಒಂದು ಚಮಚ ಮೈದಾ ಕಲಸಿ ಉದುರಿಸಿ. ಬೆಲ್ಲ ಕರಗಿ ತಟ್ಟೆಗೆ ಹರಿದುಹೋಗದ ಹಾಗೆ ಆ ಮೈದಾ ಹಿಡಿದಿಡುತ್ತೆ. ದಾಲ್ಚಿನ್ನಿಯನ್ನ ಹಿಟ್ಟಿನೊಳಗೇ ಕಲಸೋಕೆ ಹೋಗಬೇಡಿ. ಅದರ ಎಣ್ಣೆಯ ಅಂಶ ಯೀಸ್ಟಿನ ಕೆಲಸ ನಿಧಾನ ಮಾಡುತ್ತೆ.

ಉದ್ದನೆ ಕಡೆಯಿಂದ ಚಾಪೆ ಸುತ್ತೋ ಹಾಗೆ ಸುತ್ತಿ. ಕತ್ತರಿಸೋಕೆ ಚಾಕು ಬೇಡ, ಸುರುಳಿ ಚಪ್ಪಟೆಯಾಗುತ್ತೆ. ಹೂ ಕಟ್ಟೋ ದಾರವನ್ನ ಅಡಿಯಿಂದ ತೂರಿಸಿ, ಮೇಲೆ ಅಡ್ಡ ಹಾಕಿ ಎರಡೂ ಕಡೆ ಎಳೆದ್ರೆ ಸುತ್ತು ಕೆಡದೆ ತುಂಡಾಗುತ್ತೆ. ಬೆಣ್ಣೆ ಸವರಿದ ತಟ್ಟೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಇಟ್ಟು, ಅರ್ಧ ಗಂಟೆ ಉಬ್ಬೋಕೆ ಬಿಡಿ. ಓಟಿಜಿ ಇದ್ರೆ 180 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಇಲ್ಲದಿದ್ರೆ ದಪ್ಪ ತಳದ ಕುಕ್ಕರಿಗೆ ಒಂದು ಇಂಚು ಉಪ್ಪು ಹಾಕಿ, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ಹತ್ತು ನಿಮಿಷ ಕಾಯಿಸಿ. ಆಮೇಲೆ ಒಳಗೊಂದು ಸ್ಟ್ಯಾಂಡ್ ಇಟ್ಟು, ತಟ್ಟೆ ಇಳಿಸಿ, ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ. ಹಿಟ್ಟು ಮನೆಗೆ ಬಂದಾಗಿನಿಂದ ತಿನ್ನೋವರೆಗೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತೆ, ಅದರಲ್ಲಿ ಕೈಗೆ ಕೆಲಸ ಇಪ್ಪತ್ತೇ ನಿಮಿಷ.

ಬೆಂಗಳೂರಿನ ಪಿಜಿ, ಫ್ಲ್ಯಾಟುಗಳಲ್ಲಿರೋರಿಗೆ ಇನ್ನೂ ಬೇಗದ ದಾರಿ ಇದೆ. ಸೂಪರ್ ಮಾರ್ಕೆಟಿನ ಫ್ರೋಜನ್ ಮಲಬಾರ್ ಪರೋಟ ತಂದು, ಐದು ನಿಮಿಷ ಹೊರಗಿಟ್ಟು, ಇದೇ ಹೂರಣ ಉದುರಿಸಿ, ಸುತ್ತಿ, ಕತ್ತರಿಸಿ ಏರ್ ಫ್ರೈಯರಿಗೆ ಹಾಕಿ. 180 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಬನ್ ಥರ ಮೆತ್ತಗಿರಲ್ಲ, ಪದರ ಪದರವಾಗಿ ಗರಿಗರಿ ಇರುತ್ತೆ.

ಇನ್ನು ದಾಲ್ಚಿನ್ನಿ ವಿಷಯ. ಆ ಹೆಸರು ಪಾರಸಿಯಿಂದ ಬಂದದ್ದು, ಚೀನಾದ ಮರ ಅಂತ ಅರ್ಥ. ಕಿರಾಣಿ ಅಂಗಡಿಯಲ್ಲಿ ಚಕ್ಕೆ ಅಂತ ಕೊಡೋದು ಹೆಚ್ಚಾಗಿ ಕ್ಯಾಸಿಯಾ. ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ. ಸಿಲೋನ್ ದಾಲ್ಚಿನ್ನಿ ಕಾಗದದಂಥ ತೆಳು ಪದರಗಳ ಸುರುಳಿ, ಕೈಯಲ್ಲೇ ಮುರಿಯುತ್ತೆ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ. ದಿನಾ ಹೆಚ್ಚು ತಿಂದ್ರೆ ಯಕೃತ್ತಿಗೆ ಒಳ್ಳೇದಲ್ಲ. ಅಪರೂಪಕ್ಕೊಂದು ರೋಲಿಗೆ ಹೆದರಬೇಕಿಲ್ಲ. ಆದ್ರೆ ಅವ್ವನ ಹಾಗೆ ದಿನಾ ಮಾತ್ರೆ ನುಂಗೋರು ಇರೋ ಮನೆಯಲ್ಲಿ ಸಿಲೋನ್ ಚಕ್ಕೆಯೇ ಇರಲಿ ಅಂತ ನಾನು ಅದನ್ನೇ ತರ್ತೀನಿ.

ಎರಡನೇ ಸಲ ಮಾಡುವಾಗ ಅವ್ವ ಹೂರಣದ ಬಟ್ಟಲು ಮೂಸಿ ನೋಡಿ, "ಇದಕ್ಕ ಯಾಲಕ್ಕಿ ಹಾಕಿಲ್ಲಲ್ಲೋ, ಹಾವೇರಿ ಜಿಲ್ಲಾದಾಗ ಇದ್ದೀವೋ ಇಲ್ಲೋ?" ಅಂದ್ರು. ಆರು ಏಲಕ್ಕಿ ಬಿಡಿಸಿ ಕುಟ್ಟಿದೆ. ಸ್ವೀಡನ್ ದೇಶದಲ್ಲಿ ಅಕ್ಟೋಬರ್ 4ನ್ನು ದಾಲ್ಚಿನ್ನಿ ಬನ್ನಿನ ದಿನ ಅಂತ 1999ರಿಂದ ಆಚರಿಸ್ತಾರೆ, ಅಲ್ಲಿಯ ಬನ್ನಿನ ಹಿಟ್ಟಿಗೂ ಏಲಕ್ಕಿ ಬೀಳುತ್ತೆ. ಅವ್ವನಿಗೆ ಇದನ್ನ ಹೇಳಿದಾಗ "ಹಂಗಾರ ಅವರೂ ಶಾಣ್ಯಾರ ಬಿಡು" ಅಂದ್ರು.

ಬ್ಯಾಡಗಿಯ ಸಣ್ಣವ್ವ ಬಂದಾಗ ಅವರ ಪಾಲೂ ಸೇರಿತು. ಬೆಲ್ಲದ ಜೊತೆ ಕಾಲು ಚಮಚ ಬ್ಯಾಡಗಿ ಮೆಣಸಿನಪುಡಿ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ನಾಲಿಗೆ ಸುಡಲ್ಲ, ಸಿಹಿಯ ಹಿಂದೆ ಸಣ್ಣಗೆ ಒಂದು ಬಿಸಿ ಉಳಿಯುತ್ತೆ. ಅಪ್ಪ ಒಂದು ತಿಂದು, ಇನ್ನೊಂದನ್ನ ಚಹಾದಲ್ಲಿ ಅದ್ದಿ ತಿಂದು, ಅಭಿಪ್ರಾಯ ಏನೂ ಹೇಳದೆ ಮೂರನೆಯದಕ್ಕೆ ಕೈ ಹಾಕಿದ್ರು.

ಆದ್ರೂ ಕೊಂಡು ತಂದ ಹಿಟ್ಟಿನ ಬಗ್ಗೆ ಅವ್ವನ ಮುಜುಗರ ಹೋಗಿರಲಿಲ್ಲ. "ಹಿಟ್ಟು ನಮ್ಮದಲ್ಲ ಅಂದ ಮ್ಯಾಲ ಮಾಡಿದ್ದು ನಮ್ಮದು ಹೆಂಗ ಆಗತೈತಿ?" ಅಂದ್ರು. ಈ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು.

ಯೋಚಿಸಿ ನೋಡಿದ್ರೆ ನಮ್ಮ ಕಡೆಯ ಊರುಗಳ ಹೆಸರು ನಿಂತಿರೋದೇ ಬೇರೆಯವರ ಮಾಲಿನ ಮೇಲೆ. ಹಾವೇರಿಗೆ ಏಲಕ್ಕಿ ಕಂಪಿನ ನಾಡು ಅಂತಾರೆ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಅಲ್ಲಿ ನಡೆದಾಗಲೂ ಅದೇ ಮಾತು ಎಲ್ಲರ ಬಾಯಲ್ಲಿ. ಆದ್ರೆ ಹಾವೇರಿಯ ಹೊಲದಲ್ಲಿ ಏಲಕ್ಕಿ ಬೆಳೆಯಲ್ಲ. ಅದು ಬರ್ತಿದ್ದದ್ದು ಮಲೆನಾಡಿನಿಂದ. ಹಾವೇರಿಯವರು ಅದನ್ನ ಬಾವಿ ನೀರಿನಲ್ಲಿ ಅಂಟುವಾಳದ ಕಾಯಿ ಹಾಕಿ ತೊಳೆದು, ಬಿಳುಪು ಮಾಡಿ ಮಾರಿದ್ರು. ಏಲಕ್ಕಿ ಹಾರ ಕಟ್ಟಿದ್ರು. ಬ್ಯಾಡಗಿಯ ಮಾರುಕಟ್ಟೆಗೆ ಬರೋ ಮೆಣಸಿನಕಾಯಿಯಲ್ಲೂ ಎಷ್ಟೋ ಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯದು. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದು ಬ್ಯಾಡಗಿ ಹೆಸರಿಗೆ. ರಾಣೆಬೆನ್ನೂರಿನ ಸುತ್ತ ರೈತರು ಕೈಯಿಂದ ಪರಾಗಸ್ಪರ್ಶ ಮಾಡಿ ತೆಗೆಯೋ ತರಕಾರಿ ಬೀಜ ಎಲ್ಲೋ ದೂರದ ಹೊಲದಲ್ಲಿ ಮೊಳೆಯುತ್ತೆ. ಆ ಟೊಮೆಟೊವನ್ನ ಅಲ್ಲಿಯ ರೈತ ತನ್ನದಲ್ಲ ಅಂತಾನಾ?

ಇದನ್ನೆಲ್ಲ ಅವ್ವನ ಮುಂದೆ ಭಾಷಣ ಮಾಡಲಿಲ್ಲ. ಒಂದೇ ಒಂದು ನೆನಪು ಮಾಡಿದೆ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ನಾವು ಮೈದಾ, ಸಕ್ಕರೆ, ಡಾಲ್ಡಾ ಹೊತ್ತುಕೊಂಡು ಬೇಕರಿಗೆ ಹೋಗಿ ಬಿಸ್ಕಿಟ್ ಮಾಡಿಸ್ಕೊಂಡು ಬರ್ತಿದ್ವಿ. ತಗಡಿನ ಡಬ್ಬಿ ತುಂಬಾ. ಕಲಸಿದ್ದು ಬೇಕರಿಯವರು, ಸುಟ್ಟಿದ್ದೂ ಬೇಕರಿಯವರೇ. "ಆಗ ಆ ಬಿಸ್ಕಿಟ್ ಯಾರವು ಅಂತಿದ್ದಿ?" ಅಂತ ಕೇಳಿದೆ.

"ನಮ್ಮವು ಅಂತಿದ್ನಿ" ಅಂದ್ರು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಸಾಮಾನ ನಮ್ಮದಿತ್ತಲ್ಲೋ" ಅಂತ ಸೇರಿಸಿದ್ರು. ಪೂರ್ತಿ ಸೋಲೋ ಪೈಕಿ ಅಲ್ಲ ಅವರು.

ಎಲ್ಲ ದಿನ ಒಂದೇ ಥರ ಇರಲ್ಲ. ಮಳೆಗಾಲದ ಒಂದು ವಾರ ಬೆರಳು ಬಾತು, ಬಟ್ಟೆ ಸುತ್ತಿದ ಲಟ್ಟಣಿಗೆಯನ್ನೂ ಹಿಡಿಯೋಕೆ ಆಗಲಿಲ್ಲ. ಆ ಸಲ ಲಟ್ಟಿಸಿದ್ದು, ಸುತ್ತಿದ್ದು ಎಲ್ಲ ನಾನೇ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಅಂಚಿಗೆ ಬೆಣ್ಣಿ ಹಚ್ಚಬ್ಯಾಡ, ಬಿಚ್ಚಿಕೋತೈತಿ", "ಇನ್ನ ಐದು ನಿಮಿಷ ಬಿಡು, ಉಬ್ಬಿಲ್ಲ" ಅಂತ ಹೇಳ್ತಾ ಹೋದ್ರು. ಹಿಟ್ಟು ಉಬ್ಬಿದ್ದು ಸಾಕೋ ಬೇಕೋ ಅನ್ನೋದನ್ನ ನಾನು ಮೊಬೈಲಿನ ಟೈಮರ್ ನೋಡಿ ಹೇಳ್ತೀನಿ. ಅವರು ಬೆರಳಿನ ತುದಿಯಿಂದ ಮುಟ್ಟಿ ಹೇಳ್ತಾರೆ, ಹೆಚ್ಚಾಗಿ ಅವರದ್ದೇ ಸರಿ ಇರುತ್ತೆ. ನಲವತ್ತು ವರ್ಷ ಹಿಟ್ಟು ಮುಟ್ಟಿದ ಕೈ ಅದು. ಬಲ ಹೋಗಿದೆ, ಗುರುತು ಹೋಗಿಲ್ಲ. ಆ ದಿನ ಪಕ್ಕದ ಮನೆಯವರಿಗೆ ತಟ್ಟೆ ಕೊಡುವಾಗ "ನಾ ಮಾಡಿದ್ದಲ್ಲರಿ" ಅನ್ನೋ ಮಾತು ಬರಲಿಲ್ಲ. "ತಿಂದು ನೋಡ್ರಿ, ಮೆಣಸಿನಪುಡಿ ಹಾಕೀನಿ" ಅಂದ್ರು.

ನೀವೂ ಮಾಡೋದಾದ್ರೆ ಒಂದೆರಡು ಮಾತು. ಬೇಕರಿಗೆ ಹಿಂದಿನ ದಿನವೇ ಹೇಳಿಡಿ, ಅವರು ಹಿಟ್ಟು ಕಲಸೋ ಹೊತ್ತಿಗೇ ಹೋಗಿ. ಎಣ್ಣೆ ಸವರಿದ ದೊಡ್ಡ ಡಬ್ಬಿ ಒಯ್ಯಿರಿ, ಮುಚ್ಚಳ ಬಿಗಿ ಮಾಡಬೇಡಿ, ದಾರಿಯಲ್ಲೇ ಉಬ್ಬುತ್ತಿರುತ್ತೆ. ಬೇಸಿಗೆಯಾದ್ರೆ ಮನೆಗೆ ಬಂದ ತಕ್ಷಣ ಫ್ರಿಜ್ಜಿಗಿಡಿ, ಇಲ್ಲದಿದ್ರೆ ಸಂಜೆಯ ಹೊತ್ತಿಗೆ ಹುಳಿ ವಾಸನೆ ಬರುತ್ತೆ. ಮುಂದಿನ ಸಲ ನಾನು ಒಂದು ಕೆಜಿ ಹೇಳಬೇಕಂತೆ. ಸಣ್ಣವ್ವನ ಮನೆಗೂ ಒಂದು ಡಬ್ಬಿ ಕಳಿಸೋದಿದೆ ಅಂತ ಅವ್ವ ಈಗಲೇ ಲೆಕ್ಕ ಹಾಕಿಟ್ಟಿದ್ದಾರೆ.