ಅಂಗಡಿಯ ಆಟ, ಮನೆಯ ಆಟ

ನಾವು ಮೂವರು ಅಣ್ಣತಮ್ಮಂದಿರು. ನಮಗೊಬ್ಬಳು ತಂಗಿ. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಒಂದು ವೀಡಿಯೊ ಗೇಮ್ ಅಂಗಡಿಯಿತ್ತು. ಒಂದು ರೂಪಾಯಿಗೆ ಒಂದು ಆಟ. ಅಲ್ಲಿದ್ದ ಹಳೆಯ ಯಂತ್ರವೊಂದರಲ್ಲಿ ಪ್ಯಾಕ್‌ಮ್ಯಾನ್ ಇತ್ತು. ಹಳದಿ ಬಣ್ಣದ ದುಂಡು ಬಾಯಿ, ಅದು ತಿನ್ನುತ್ತಾ ಹೋಗುವ ಚುಕ್ಕೆಗಳು, ಬೆನ್ನಟ್ಟುವ ನಾಲ್ಕು ದೆವ್ವಗಳು. ಮೀನು ತರಲು ಉಮ್ಮ ಕೊಟ್ಟ ಹಣದಲ್ಲಿ ಎಷ್ಟು ರೂಪಾಯಿ ಆ ಯಂತ್ರದ ಹೊಟ್ಟೆ ಸೇರಿತೋ ಲೆಕ್ಕವಿಲ್ಲ. ತಂಗಿ ಅಲ್ಲಿಗೆ ಬರುವ ಪ್ರಶ್ನೆಯೇ ಇರಲಿಲ್ಲ. ಅದು ಹುಡುಗರ ಜಾಗ. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ.

ಒಂದು ವರ್ಷ ಗಲ್ಫ್‌ನಿಂದ ರಜೆಗೆ ಬಂದ ಮಾಮ ಒಂದು ಟಿವಿ ಗೇಮ್ ತಂದರು. ಜಪಾನಿನ ನಿಂಟೆಂಡೊ ಕಂಪೆನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಅಗ್ಗದ ನಕಲು ಅದು. ಒಂದೇ ಕ್ಯಾಸೆಟ್‌ನಲ್ಲಿ ಹತ್ತಾರು ಆಟಗಳು, ಅವುಗಳ ನಡುವೆ ಪ್ಯಾಕ್‌ಮ್ಯಾನ್ ಕೂಡ. ತಂಗಿ ಅದಕ್ಕೇ ಅಂಟಿಕೊಂಡಳು. ನಾವೋ ಮೊದಲ ದಿನವೇ ತೀರ್ಪು ಕೊಟ್ಟೆವು: "ಇದು ಡೂಪ್ಲಿಕೇಟ್. ನಿಜವಾದದ್ದು ಅಂಗಡಿಯಲ್ಲಿದೆ."

ನಮ್ಮ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. 1980ರಲ್ಲಿ ನಾಮ್ಕೊ ಕಂಪೆನಿ ತಯಾರಿಸಿದ ಮೂಲ ಆಟದ ಪರದೆ ನಿಲುವಾಗಿತ್ತು, ಅಗಲಕ್ಕಿಂತ ಎತ್ತರ ಹೆಚ್ಚು. ಮನೆಯ ಟಿವಿಯಾದರೋ ಅಡ್ಡಕ್ಕಿತ್ತು. ಹಾಗಾಗಿ 1984ರ ಫ್ಯಾಮಿಕಾಮ್ ಆವೃತ್ತಿಯಲ್ಲಿ ಚಕ್ರವ್ಯೂಹವನ್ನು ಕುಗ್ಗಿಸಿ, ಮೇಲಿದ್ದ ಅಂಕಗಳನ್ನು ಬಲಬದಿಗೆ ತಂದು ಕೂರಿಸಿದ್ದರು. ಇಷ್ಟಾದರೂ ಆಟದ ಜೀವ ಉಳಿದಿತ್ತು. ದೆವ್ವಗಳು ನಾಲ್ಕು ಬಣ್ಣಗಳಲ್ಲೇ ಇದ್ದವು. ಈ ಬಣ್ಣಗಳು ಬರೀ ಅಲಂಕಾರವಲ್ಲ. ಮೂಲ ಆಟದಲ್ಲಿ ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿ ದೆವ್ವ ನಮಗಿಂತ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟುತ್ತದೆ. ಕಿತ್ತಳೆ ಬಣ್ಣದ್ದು ತೀರಾ ಹತ್ತಿರ ಬಂದೊಡನೆ ತನ್ನ ಮೂಲೆಗೆ ತಿರುಗಿ ಓಡುತ್ತದೆ. ಬಣ್ಣ ತಿಳಿಯದಿದ್ದರೆ ಯಾರು ಹೇಗೆ ಬರುತ್ತಾರೆಂದು ತಿಳಿಯುವುದಿಲ್ಲ.

ಈ ಮಾತಿನ ಬೆಲೆ ಗೊತ್ತಾಗಬೇಕಾದರೆ ಅಮೆರಿಕದ ಅಟಾರಿ 2600ರ ಆವೃತ್ತಿಯನ್ನು ನೋಡಬೇಕು. ಯಂತ್ರ 1977ರದ್ದು. ಅದರ ನೆನಪಿನ ಶಕ್ತಿ ಬರೇ 128 ಬೈಟ್. ಚಲಿಸುವ ದೊಡ್ಡ ಚಿತ್ರಗಳನ್ನು ಒಂದು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಸುಲಭವಾಗಿ ತೋರಿಸಲಾಗದು. 1982ರಲ್ಲಿ ಟಾಡ್ ಫ್ರೈ ಎಂಬ ಪ್ರೋಗ್ರಾಮರ್ ಇಡೀ ಆಟವನ್ನು 4 ಕಿಲೋಬೈಟ್‌ನ ಕ್ಯಾಸೆಟ್‌ಗೆ ತುಂಬಿಸಬೇಕಾಯಿತು. ನಾಲ್ಕು ದೆವ್ವಗಳನ್ನು ಸರದಿಯಂತೆ ಒಂದೊಂದಾಗಿ ತೋರಿಸಿದ್ದರಿಂದ ಅವು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿನುಗುತ್ತಿದ್ದವು, ಬಣ್ಣಭೇದವೂ ಕಾಣುತ್ತಿರಲಿಲ್ಲ. ಚುಕ್ಕೆಗಳು ಗೆರೆಗಳಾದವು. ಎಡಬಲದಲ್ಲಿದ್ದ ಸುರಂಗಗಳು ಮೇಲೆ ಕೆಳಗೆ ಹೋದವು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು, ಕೊಂಡವರಲ್ಲಿ ಬಹಳ ಮಂದಿ ನಿರಾಶರಾದರು. ಹಾಗಾದರೆ ದೋಷ ಯಂತ್ರದ್ದೇ? ಮರುವರ್ಷ ಅದೇ ಯಂತ್ರಕ್ಕೆ ಮಿಸ್ ಪ್ಯಾಕ್‌ಮ್ಯಾನ್ ಬಂತು. ಕ್ಯಾಸೆಟ್ 8 ಕಿಲೋಬೈಟ್‌ನದ್ದು. ದೆವ್ವಗಳಿಗೆ ಬೇರೆ ಬೇರೆ ಬಣ್ಣ ಬಂತು, ಮಿನುಗಾಟ ತಗ್ಗಿತು. ಬಡತನ ಒಂದೇ, ಆದರೆ ಇದ್ದುದರಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕ ಬೇರೆ.

ಇವೆಲ್ಲ ನಾವು ದೊಡ್ಡವರಾದ ಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದುದು ತಂಗಿಯನ್ನು ರೇಗಿಸುವುದು ಮಾತ್ರ. ಒಂದು ಸಂಜೆ ಅವಳು ಅಂಕಗಳ ದೊಡ್ಡ ದಾಖಲೆ ಮಾಡಿ ಕೂಗಿಕೊಂಡಳು. ನಾವು ಎಂದಿನಂತೆ, "ಡೂಪ್ಲಿಕೇಟಿನಲ್ಲಿ ಯಾರು ಬೇಕಾದರೂ ಗೆಲ್ಲುತ್ತಾರೆ" ಎಂದೆವು. ಅವಳು ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟು ಕೇಳಿದಳು: "ಹಾಗಾದರೆ ನಾಳೆ ನನ್ನನ್ನೂ ಅಂಗಡಿಗೆ ಕರಕೊಂಡು ಹೋಗ್ತೀರಾ?" ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಉಮ್ಮ ಅಡುಗೆ ಮನೆಯಿಂದ ಇಣುಕಿ ನೋಡಿ ಒಳಗೆ ಹೋದರು.

ವರ್ಷಗಳ ನಂತರ ಈ ಆಟವನ್ನು ರೂಪಿಸಿದ ತೋರು ಇವಾಟಾನಿಯವರ ವಿಚಾರ ಓದಿದಾಗ ಆ ಸಂಜೆ ನೆನಪಾಯಿತು. ಆಗಿನ ಆಟದಂಗಡಿಗಳು ಗಂಡಸರಿಂದ ತುಂಬಿರುತ್ತಿದ್ದವು, ಆಟಗಳೆಲ್ಲ ಗುಂಡು ಹಾರಿಸಿ ಕೊಲ್ಲುವಂಥವು. ಹೆಣ್ಣುಮಕ್ಕಳೂ ಬಂದು ಆಡುವಂಥ ಆಟವೊಂದು ಬೇಕೆಂದು ಅವರು ಯೋಚಿಸಿದರು. ಅದಕ್ಕೇ ಕೊಲ್ಲುವ ಬದಲು ತಿನ್ನುವುದನ್ನು ಆರಿಸಿಕೊಂಡರು, ದೆವ್ವಗಳನ್ನೂ ಮುದ್ದಾಗಿ ಬಣ್ಣಬಣ್ಣವಾಗಿ ಮಾಡಿಸಿದರು. ಅಂದರೆ ಆ ಆಟ ಹುಟ್ಟಿದ್ದೇ ನಮ್ಮ ತಂಗಿಯಂಥವರನ್ನು ಕರೆಯಲಿಕ್ಕೆ. ನಮ್ಮೂರಿನ ಅಂಗಡಿಯ ಬಾಗಿಲಲ್ಲಿ ಆ ಕರೆ ನಿಂತುಹೋಯಿತು. ಅದನ್ನು ಅವಳ ತನಕ ಮುಟ್ಟಿಸಿದ್ದು ನಾವು ಹೀಗಳೆದ ಆ ಕುಗ್ಗಿದ ಚಕ್ರವ್ಯೂಹ. ಮೂಲಕ್ಕೆ ಎಷ್ಟು ಹತ್ತಿರವಿದೆ ಎಂದು ನಾವು ಅಳೆಯುತ್ತಿದ್ದೆವು. ಯಾರ ಹತ್ತಿರ ಬಂದಿದೆ ಎಂದು ನೋಡಲಿಲ್ಲ.

ಮೊನ್ನೆ ಹಬ್ಬಕ್ಕೆ ಎಲ್ಲರೂ ಸೇರಿದ್ದೆವು. ನಮ್ಮ ಮಕ್ಕಳ ಯಂತ್ರದಲ್ಲಿ 2022ರಲ್ಲಿ ಬಂದ ಪ್ಯಾಕ್‌ಮ್ಯಾನ್ ಸಂಗ್ರಹವಿದೆ, ಅದರಲ್ಲಿ ಅಂಗಡಿಯ ಆ ಮೂಲ ಆಟವೂ ಇದೆ. ತಂಗಿಯನ್ನು ಕರೆದು ಕೂರಿಸಿ, "ಇಗೋ, ನಿಜವಾದದ್ದು" ಎಂದೆವು. ಕೈಗೆ ರೂಢಿಯಾದ ಅಳತೆ ಬೇರೆಯಾದ್ದರಿಂದ ಅವಳು ಬೇಗ ಬೇಗ ಸಿಕ್ಕಿಬಿದ್ದಳು. ಮೂರು ಜೀವವೂ ಮುಗಿದ ಮೇಲೆ ನಕ್ಕು, "ಚೆನ್ನಾಗಿದೆ. ನನ್ನದು ಇದಲ್ಲ" ಎಂದಳು. ಮಗಳ ಕೈಗೆ ರಿಮೋಟ್ ಕೊಟ್ಟು, "ನೀನು ಆಡು, ಮಾಮಂದಿರು ಸ್ವಲ್ಪ ಕಾಯಲಿ" ಎಂದಳು.

ನಾವು ಮೂವರೂ ಹಿಂದೆ ಸರಿದು ಕುಳಿತೆವು.