ಎರಡು ಹೊಳೆ, ನಾಲ್ಕು ಪುಟ್ಟ ಪಾದ

ಸಂಜೆ ಐದಾಯಿತೆಂದರೆ ನಮ್ಮ ಮನೆಬಾಗಿಲಲ್ಲಿ ಚಪ್ಪಲಿಗಳ ಹುಡುಕಾಟ ಶುರುವಾಗುತ್ತದೆ. ಏಳು ವರ್ಷದ ಮೊಮ್ಮಗಳು ತನ್ನದನ್ನು ತಾನೇ ಹಾಕಿಕೊಳ್ಳುತ್ತಾಳೆ. ನಾಲ್ಕು ವರ್ಷದ ಮೊಮ್ಮಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ಗೇಟಿನ ಬಳಿ ನಿಂತಿರುತ್ತಾನೆ. ವರ್ಷದ ಹಿಂದೆ ಹೀಗಿರಲಿಲ್ಲ. ಮೊಬೈಲ್ ಕೈಗಿತ್ತರೆ ಮಾತ್ರ ತುತ್ತು ಗಂಟಲಿಗಿಳಿಯುತ್ತಿತ್ತು. ಮೂಲೆಯ ಅಂಗಡಿಗೂ ಸ್ಕೂಟರೇ ಬೇಕಿತ್ತು. ಮಗ-ಸೊಸೆ ಇಬ್ಬರೂ ದುಡಿಯಲು ಹೋಗುವವರು. ಅವರನ್ನು ದೂರಲು ನಮಗೆ ಬಾಯಿಯಿರಲಿಲ್ಲ. ಆ ಮಗನನ್ನು ಬೆಳೆಸಿದವರು ನಾವೇ ತಾನೆ?

ನಮ್ಮ ಸಂಸಾರ ಸಾಗಿದ್ದು ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಊರದು. 1923ರಲ್ಲಿ ಕಬ್ಬಿಣದ ಕಾರ್ಖಾನೆ, ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಸೈರನ್ನಿನ ಲೆಕ್ಕದಲ್ಲಿ ಏಳುವ, ಮಲಗುವ ಊರಾಯಿತು. ನಮ್ಮಲ್ಲೊಬ್ಬರಿಗೆ ಮೂರು ಪಾಳಿಯ ದುಡಿಮೆ. ಇನ್ನೊಬ್ಬರಿಗೆ ಅದಕ್ಕೆ ತಕ್ಕಂತೆ ಒಲೆಯ ಮುಂದಿನ ಪಾಳಿ. ಭದ್ರಾ ಹೊಳೆ ಮನೆಯಿಂದ ಹತ್ತು ನಿಮಿಷದ ದಾರಿ. ಮಗನನ್ನು ಅಲ್ಲಿಗೆ ನಡೆಸಿಕೊಂಡು ಹೋದ ನೆನಪು ಮಾತ್ರ ಇಬ್ಬರಿಗೂ ಇಲ್ಲ. ಪಾಳಿಯ ಮೇಲೆ ತಪ್ಪು ಹೊರಿಸಬಹುದು. ಆದರೆ ರಜೆಗಳೂ ಇದ್ದವಲ್ಲ! ಅಂದು "ಸುಮ್ನೆ ಕೂತು ಓದ್ಕೋ" ಎಂದು ಹೇಳಿ ನಾವು ನಿದ್ದೆಹೋಗುತ್ತಿದ್ದೆವು.

ನಿವೃತ್ತಿಯ ನಂತರ ಶಿವಮೊಗ್ಗಕ್ಕೆ ಬಂದು ಮಗನ ಜೊತೆ ನೆಲೆಸಿದೆವು. ಮೊಮ್ಮಕ್ಕಳಿಗೆ ಹೊರಗಿನ ಲೋಕ ತೋರಿಸಬೇಕೆನಿಸಿದಾಗ ಮೊದಲು ಹೊಳೆದದ್ದು ಸಕ್ರೆಬೈಲಿನ ಆನೆಗಳು, ತ್ಯಾವರೆಕೊಪ್ಪದ ಸಿಂಹಗಳು. ಕಾರು ಮಾಡಿಕೊಂಡು ಹೋಗಿ ನೋಡಿ ಬಂದೆವು. ಮನೆಗೆ ಬಂದು ಮೊಮ್ಮಗ ಹೇಳಿದ್ದು ಮಾತ್ರ ಆನೆಯ ಕಥೆಯನ್ನಲ್ಲ, ಕಾರಿನಿಂದಿಳಿದಾಗ ಕಂಡ ಇರುವೆ ಸಾಲಿನ ಕಥೆಯನ್ನು. ಇರುವೆ ನಮ್ಮ ಬೀದಿಯಲ್ಲೂ ಇದೆಯಲ್ಲ ಎಂದು ಮರುದಿನದಿಂದ ನಡೆಯಲು ಹೊರಟೆವು.

ಮೊದಲ ವಾರ ಸೋತೆವು. ಸಕ್ಕರೆ ಕಾಯಿಲೆಗೆ ವೈದ್ಯರು ಹೇಳಿದ ಬಿರುಸಿನಲ್ಲಿ ನಾವು ನಡೆದರೆ ಹುಡುಗ ಎರಡನೇ ತಿರುವಿನಲ್ಲೇ ಅಳುತ್ತಾ ಕೂರುತ್ತಿದ್ದ. ಎತ್ತಿಕೊಂಡು ಬರುವಷ್ಟರಲ್ಲಿ ನಮ್ಮ ಮಂಡಿ ಮಾತಾಡುತ್ತಿತ್ತು. ಆಮೇಲೆ ತಿಳಿಯಿತು, ಇದು ನಮ್ಮ ವಾಕಿಂಗ್ ಅಲ್ಲ, ಅವರದು. ನಮ್ಮದನ್ನು ಬೆಳಿಗ್ಗೆಗೆ ಇಟ್ಟುಕೊಂಡೆವು. ಸಂಜೆಯದು ಅವನ ಹೆಜ್ಜೆಯ ಲೆಕ್ಕ. ಅವನು ನಿಂತಲ್ಲಿ ನಿಲ್ಲಬೇಕು, ಕೂತಲ್ಲಿ ಕೂರಬೇಕು. ಅರ್ಧ ಗಂಟೆಯಲ್ಲಿ ಮುನ್ನೂರು ಹೆಜ್ಜೆ ನಡೆದರೂ ಅದೇ ಲಾಭ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು. ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದೂ ಸಂಶೋಧನೆಗಳಿಂದ ತಿಳಿದಿದೆ. ಆದರೆ ನಡೆಯುವುದೆಲ್ಲಿ? ಫುಟ್‌ಪಾತ್ ಮೇಲೆ ಬೈಕುಗಳು ನಿಂತಿರುತ್ತವೆ. ಮಕ್ಕಳನ್ನು ಒಳಬದಿಗೆ ಹಾಕಿಕೊಂಡು, ವಾಹನದ ಕಡೆ ನಾವಿದ್ದು, ಬೀದಿ ದಾಟುವುದನ್ನೂ ಒಂದು ಪಾಠವೆಂದೇ ಕಲಿಸಿದೆವು. ತುಂಗೆಯ ದಂಡೆಯಲ್ಲಿ ಈಗ ಕಾಲುದಾರಿಯಾಗಿರುವುದು ನಮ್ಮಂಥವರಿಗೆ ಉಪಕಾರ. ಬೆಳ್ಳಕ್ಕಿ, ಮಿಂಚುಳ್ಳಿ ನಮಗೆ ಗೊತ್ತಿದ್ದವು. ಎಷ್ಟೋ ಮರಗಳ ಹೆಸರು ಗೊತ್ತಿರಲಿಲ್ಲ. ಮೊಮ್ಮಗಳು ಕೇಳಿದಾಗ ಹೂ ಮಾರುವವರನ್ನು ಕೇಳಿ ತಿಳಿದುಕೊಂಡೆವು. "ಅಜ್ಜಿಗೂ ಗೊತ್ತಿಲ್ವಾ?" ಎಂದು ಅವಳಿಗೆ ಖುಷಿಯೋ ಖುಷಿ.

ಎಚ್ಚರವೂ ಬೇಕು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಕಚ್ಚುವುದರಿಂದ ಹರಡುವ ಆ ಜ್ವರ ಚಳಿಗಾಲದಿಂದ ಬೇಸಿಗೆಯವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯುವುದಿಲ್ಲ.

ಕಳೆದ ಸಲ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ರೈಲಿನಲ್ಲಿ ಎಲ್ಲರೂ ಭದ್ರಾವತಿಗೆ ಹೋದೆವು. ಮಗನೂ ಬಂದಿದ್ದ. ಹಳೆಯ ಬೀದಿಯಿಂದ ಹೊಳೆಯವರೆಗೆ ನಡೆದೆವು. "ಇದೂ ತುಂಗೆಯಾ?" ಎಂದಳು ಮೊಮ್ಮಗಳು. ಇದು ಭದ್ರೆ, ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಬೇರೆಬೇರೆ ದಾರಿ ಹಿಡಿದು ಕೂಡ್ಲಿಯಲ್ಲಿ ಸೇರುತ್ತವೆ ಎಂದೆವು. "ತೋರ್ಸಿ" ಎಂದು ಹಟ ಹಿಡಿದಳು. ಹೊಳೆಹೊನ್ನೂರಿನ ಮಾರ್ಗವಾಗಿ ಕೂಡ್ಲಿಗೆ ಹೋದೆವು. ತುಂಗೆ ತುಂಗಭದ್ರೆಯಾಗುವ ಜಾಗವನ್ನು ಅವಳು ಬೆರಳಿಟ್ಟು ತೋರಿಸಿದಳು: "ಇದು ನಮ್ಮ ಮನೆ ನೀರು, ಅದು ಅಜ್ಜನ ಮನೆ ನೀರು."

ಆಗ ಮಗ ಕೇಳಿದ: "ಅಪ್ಪಾ, ನಾನು ಚಿಕ್ಕೋನಿದ್ದಾಗ ಇಲ್ಲಿಗೆ ಬಂದಿದ್ವಾ?"

"ಇಲ್ಲಪ್ಪ, ನಿನ್ನನ್ನ ಕರ್ಕೊಂಡು ಬರ್ಲಿಲ್ಲ" ಎಂದೆವು. ಬೇರೆ ಉತ್ತರ ನಮ್ಮಲ್ಲಿರಲಿಲ್ಲ. ಅವನು ಏನೂ ಅನ್ನಲಿಲ್ಲ. ಪ್ಯಾಂಟು ಮಡಚಿಕೊಂಡು, ಮಗನ ಕೈ ಹಿಡಿದು, ನೀರಿನ ಅಂಚಿನ ಮೆಟ್ಟಿಲವರೆಗೆ ಇಳಿದ.

ಈಗ ಭಾನುವಾರದ ನಡಿಗೆ ಅವನದೇ. ಕಳೆದುಹೋದ ವರ್ಷಗಳನ್ನು ಮಗನಿಗೆ ಹಿಂದಿರುಗಿಸಲು ನಮ್ಮಿಂದಾಗದು. ಆದರೆ ಅವನು ತನ್ನ ಮಕ್ಕಳ ಬಾಲ್ಯವನ್ನು ನಮ್ಮ ಹಾಗೆ ನಿದ್ದೆಯಲ್ಲಿ ಕಳೆದುಕೊಳ್ಳುತ್ತಿಲ್ಲ. ನಮ್ಮ ವಯಸ್ಸಿನ ಓದುಗರಿಗೆ ಹೇಳುವುದಿಷ್ಟೇ: ಮೊಮ್ಮಕ್ಕಳ ಕೈ ಹಿಡಿದು ಸಂಜೆ ಅರ್ಧ ಗಂಟೆ ಹೊರಗೆ ಬನ್ನಿ. ಅವಸರವೊಂದನ್ನು ಮನೆಯಲ್ಲೇ ಬಿಟ್ಟು ಬನ್ನಿ.